ನಲವತ್ತು ವಾದ್ಯಗಳ ನಡುವೆ ಒಂದು ಒಡಕು ದನಿ

ಬಿಲ್ಲಿ ಹಾಲಿಡೇ ಎಂದ ಕೂಡಲೇ ನಮ್ಮಂಥವರಿಗೆ ನೆನಪಾಗುವುದು ಒಂದೇ ಹಾಡು, 1939ರ ‘ಸ್ಟ್ರೇಂಜ್ ಫ್ರೂಟ್’. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಕರಿಯರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದುದನ್ನು ಹೇಳುವ ಹಾಡು ಅದು. ಬರೆದವನು ನ್ಯೂಯಾರ್ಕಿನ ಒಬ್ಬ ಯಹೂದಿ ಮೇಷ್ಟ್ರು, ಏಬೆಲ್ ಮೀರೋಪೋಲ್. ಅದೊಂದನ್ನು ಕೇಳಿದರೆ ಸಾಕು, ಆಕೆಯನ್ನು ಕೇಳಿದ ಹಾಗೇ ಎಂದು ನಾವು ಬಹಳ ಕಾಲ ಅಂದುಕೊಂಡಿದ್ದೆವು. ಆಕೆಯ ಪ್ರೇಮಗೀತೆಗಳನ್ನು, ಅದರಲ್ಲೂ ಪಿಟೀಲುಗಳ ಹಿಂಡನ್ನೇ ಬೆನ್ನಿಗಿಟ್ಟುಕೊಂಡು ಹಾಡಿದವನ್ನು, ಹೊಟ್ಟೆ ತುಂಬಿದವರ ಸಂಜೆಯ ಸರಕು ಎಂದು ಪಕ್ಕಕ್ಕೆ ಸರಿಸಿದ್ದೆವು. ಹಾಗೆ ಸರಿಸಿದ್ದು ತಪ್ಪು. ಬಿಳಿಯ ವಿಮರ್ಶಕರು ಬೇರೆ ಕಾರಣಕ್ಕೆ ಮಾಡಿದ ತಪ್ಪನ್ನೇ ನಾವು ನಮ್ಮ ಕಾರಣಕ್ಕೆ ಮಾಡಿದ್ದೆವು.

ನಾವು ಹೇಳುತ್ತಿರುವ ರೆಕಾರ್ಡು ‘ಲೇಡಿ ಇನ್ ಸ್ಯಾಟಿನ್’. 1958ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮೂವತ್ತನೇ ಬೀದಿಯ ಒಂದು ಹಳೇ ಚರ್ಚಿನೊಳಗೆ ಮೂರು ರಾತ್ರಿ ಕೂತು ಮಾಡಿದ್ದು. ಆ ಚರ್ಚನ್ನು ಕೊಲಂಬಿಯ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು; ಎತ್ತರದ ಚಾವಣಿ, ದನಿ ತುಂಬಿ ತಿರುಗುವ ಜಾಗ. ಸುಮಾರು ನಲವತ್ತು ಮಂದಿ ವಾದ್ಯದವರು, ಪಿಟೀಲಿನ ಸಾಲು, ಹಾರ್ಪು, ಹಿಂದಿನಿಂದ ಹೆಂಗಸರ ಮೇಳದ ರಾಗಾಲಾಪ. ಅವರ ನಡುವೆ ಜಾಜ್‌ನ ಗಟ್ಟಿ ಆಳುಗಳೂ ಇದ್ದರು: ಟ್ರೊಂಬೋನ್ ಊದಲು ಜೆ.ಜೆ. ಜಾನ್ಸನ್, ಅರ್ಬಿ ಗ್ರೀನ್, ಪಿಯಾನೋಗೆ ಮಾಲ್ ವಾಲ್ಡ್ರನ್. ಸಂಗೀತ ಹೊಂದಿಸಿ ನಡೆಸಿದವನು ರೇ ಎಲ್ಲಿಸ್ ಎಂಬ ಬಿಳಿಯ. ಒಟ್ಟು ಹನ್ನೆರಡು ಹಾಡು, ಹನ್ನೆರಡೂ ಬ್ಯಾಲಡ್. ಬ್ಯಾಲಡ್ ಎಂದರೆ ಇಂಗ್ಲಿಷ್ ಪಾಠದಲ್ಲಿ ಬರುವ, ನಮ್ಮ ಲಾವಣಿಯಂಥ ಕಥೆಹಾಡು ಎಂದು ಮೇಷ್ಟ್ರುಗಳು ತಿಳಿಯಬಾರದು. ಜಾಜ್ ಮಂದಿ ಹಾಗೆ ಕರೆಯುವುದು ನಿಧಾನ ಲಯದ ಹಾಡನ್ನು, ಹೆಚ್ಚಾಗಿ ಮುರಿದುಬಿದ್ದ ಪ್ರೀತಿಯ ಹಾಡನ್ನು.

ಆಗ ಆಕೆಗೆ ನಲವತ್ತಮೂರು ತುಂಬುವುದರಲ್ಲಿತ್ತು. ದನಿ ಮಾತ್ರ ಎಪ್ಪತ್ತರ ಮುದುಕಿಯದು. ಮೇಲಕ್ಕೆ ಹೋದರೆ ಒಡೆಯುತ್ತದೆ, ಉದ್ದಕ್ಕೆ ಹಿಡಿದರೆ ನಡುಗುತ್ತದೆ. ಇದನ್ನು ಕೇಳಿ ಕೆಲವರು ‘ಅಯ್ಯೋ, ಹಾಳಾದ ದನಿ, ಯಾಕಾದರೂ ಹಾಡಿಸಿದರೋ’ ಎಂದರು. ಇನ್ನು ಕೆಲವರು, ಜಾಜ್‌ನ ಮಡಿವಂತರು, ‘ದನಿ ಇರಲಿ, ಈ ಸಕ್ಕರೆಪಾಕದ ಪಿಟೀಲು ಯಾಕೆ? ಕಂಪನಿಯವರು ಪಾಪ ಈ ಹೆಂಗಸಿನ ಮೇಲೆ ಹೇರಿದರು’ ಎಂದರು.

ಹೇರಿದರೇ? ಇಲ್ಲ. ಎಲ್ಲಿಸ್‌ನ ವಾದ್ಯಮೇಳದ ಒಂದು ರೆಕಾರ್ಡನ್ನು ಕೇಳಿ, ಇವನೇ ಬೇಕು ಎಂದು ಕೇಳಿದವಳು ಆಕೆಯೇ. ಅದೂ ಅವತ್ತು ಹುಟ್ಟಿದ ಆಸೆಯಲ್ಲ. 1944ರಲ್ಲಿ ಡೆಕ್ಕಾ ಕಂಪನಿಗೆ ‘ಲವರ್ ಮ್ಯಾನ್’ ಹಾಡುವಾಗಲೇ ನನ್ನ ಹಿಂದೆ ಪಿಟೀಲು ಇರಲಿ ಎಂದು ಹಟ ಹಿಡಿದು ಕೇಳಿ ಪಡೆದಿದ್ದಳು. ಯಾಕೆ ಕೇಳಿದಳು ಎಂಬುದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

ಆಕೆ ಹುಟ್ಟಿದ್ದು 1915ರಲ್ಲಿ, ಫಿಲಡೆಲ್ಫಿಯಾದಲ್ಲಿ, ಬೆಳೆದದ್ದು ಬಾಲ್ಟಿಮೋರಿನಲ್ಲಿ. ನಿಜ ಹೆಸರು ಎಲಿನೋರಾ. ತಾಯಿ ಸೇಡಿ ಕಂಡವರ ಮನೆಯ ಕಸಮುಸುರೆ ಮಾಡಿ ಬದುಕಿದವಳು. ಮಗಳೂ ಸಣ್ಣವಳಿದ್ದಾಗ ಬಿಳಿಯರ ಮನೆ ಮುಂದಿನ ಮೆಟ್ಟಿಲು ಉಜ್ಜುತ್ತಿದ್ದಳಂತೆ. ಸೂಳೆಮನೆಯೊಂದರ ಚಾಕರಿ ಮಾಡಿ, ಕೂಲಿಯ ಬದಲು ಅಲ್ಲಿನ ಗ್ರಾಮಫೋನಿನಲ್ಲಿ ಬೆಸ್ಸಿ ಸ್ಮಿತ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗರನ್ನು ಕೇಳಿದಳಂತೆ. 1956ರಲ್ಲಿ ಪತ್ರಕರ್ತನೊಬ್ಬನ ಜೊತೆ ಬರೆದ ಆತ್ಮಕಥೆಯಲ್ಲಿ ಆಕೆ ಹೀಗೆ ಹೇಳಿಕೊಂಡಿದ್ದಾಳೆ. ಆ ಪುಸ್ತಕದ ಎಲ್ಲ ಮಾತನ್ನೂ ಅಕ್ಷರಶಃ ನಂಬಬೇಡಿ ಎಂದು ಸಂಶೋಧಕರು ಹೇಳುತ್ತಾರೆ. ಇರಲಿ, ಮೆಟ್ಟಿಲು ಉಜ್ಜಿದ ಕೈ ಸುಳ್ಳು ಹೇಳಲಿಕ್ಕೆ ಕಾರಣ ನಮಗೆ ಕಾಣುವುದಿಲ್ಲ.

1935ರಿಂದ ಟೆಡ್ಡಿ ವಿಲ್ಸನ್ ಜೊತೆ ಆಕೆ ಹಾಡಿದ ರೆಕಾರ್ಡುಗಳನ್ನು ಇವತ್ತು ಜಗತ್ತೇ ತಲೆ ಮೇಲೆ ಹೊತ್ತುಕೊಂಡಿದೆ. ಅವತ್ತು ಅವು ಜ್ಯೂಕ್‌ಬಾಕ್ಸಿಗೆ ಕಾಸು ಹಾಕುವ ಬಡ ಕರಿಯರಿಗೆಂದು ಅಗ್ಗದಲ್ಲಿ ಮಾಡಿದವು. ಒಳ್ಳೇ ಹಾಡೆಲ್ಲ ಬಿಳಿಯ ಗಾಯಕರ ಪಾಲಾದ ಮೇಲೆ ಉಳಿದದ್ದು ಇವರಿಗೆ. ನಾಲ್ಕಾರು ಮಂದಿ ವಾದ್ಯದವರು, ಅಲ್ಲೇ ನಿಂತು ಹೊಂದಿಸಿಕೊಂಡ ಸಂಗೀತ, ಕೈಗೆ ಒಂದಿಷ್ಟು ಇಡಿಗಂಟು. ಮಾರಾಟವಾದ ರೆಕಾರ್ಡಿಗೆ ಇಷ್ಟು ಎಂಬ ಪಾಲು ಇಲ್ಲ. ಆ ತಂಗಳನ್ನೇ ಆಕೆ ಮೃಷ್ಟಾನ್ನ ಮಾಡಿದಳು. ತಾಳದ ಜೊತೆ ಓಡದೆ ಒಂದು ಹೆಜ್ಜೆ ಹಿಂದೆ ಉಳಿದು, ಮಾತಾಡುವ ಹಾಗೆ ಹಾಡುವ ಆಕೆಯ ರೀತಿ ಹುಟ್ಟಿದ್ದು ಅಲ್ಲಿ.

ಅದನ್ನು ಕಲಿತವರಲ್ಲಿ ಬಿಳಿಯ ಫ್ರಾಂಕ್ ಸಿನಾತ್ರ ದೊಡ್ಡವನು. ತನ್ನ ಹಾಡಿಕೆಯ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದವಳು ಬಿಲ್ಲಿ ಹಾಲಿಡೇ ಎಂದು 1958ರಲ್ಲಿ ‘ಎಬೊನಿ’ ಪತ್ರಿಕೆಗೆ ತಾನೇ ಹೇಳಿದ. ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಆದರೆ ಅವನಿಗೆ ನಲವತ್ತರ ದಶಕದಿಂದಲೇ ಪಿಟೀಲುಗಳ ಮೇಳ ಸಲೀಸಾಗಿ ಸಿಕ್ಕಿತು. ಕಲಿಸಿದವಳು ಬೇಡಿ ಪಡೆಯಬೇಕಾಯಿತು. ‘ಲೇಡಿ ಇನ್ ಸ್ಯಾಟಿನ್’ನ ಮೊದಲ ಹಾಡು ‘ಐಯಾಮ್ ಎ ಫೂಲ್ ಟು ವಾಂಟ್ ಯೂ’. ಬರೆದವರಲ್ಲಿ ಸಿನಾತ್ರನೂ ಒಬ್ಬ, 1951ರಲ್ಲಿ ಹಾಡಿದವನೂ ಅವನೇ. ಅದನ್ನು ಆಕೆ ಎತ್ತಿಕೊಂಡು ಹಾಡುವುದನ್ನು ಕೇಳಬೇಕು. ತನ್ನ ಮನೆಯ ಹಸುವನ್ನು ಬೇರೆಯವರ ಕೊಟ್ಟಿಗೆಯಿಂದ ಬಿಚ್ಚಿಕೊಂಡು ಬಂದ ಹಾಗಿದೆ.

ಆದ್ದರಿಂದ ಸ್ಯಾಟಿನ್ ಎಂಬ ಆ ಹೊಳೆಯುವ ಬಟ್ಟೆಯ ಹೆಸರು ನಮಗೆ ಶೋಕಿ ಅನ್ನಿಸುವುದಿಲ್ಲ. 1938ರಲ್ಲಿ ಆರ್ಟಿ ಷಾನ ಬಿಳಿಯರ ತಂಡದಲ್ಲಿ ಹಾಡುತ್ತಿದ್ದಾಗ ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಆಕೆಯನ್ನು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹತ್ತಿಸಿದರು. ಗುಲಾಮಗಿರಿ ತೆಗೆದ ಅಧ್ಯಕ್ಷನ ಹೆಸರು ಹೊತ್ತ ಹೋಟೆಲು, ನೋಡಿ! ಹಿಂಬಾಗಿಲು ಎಂದರೇನು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥವಳು ನನಗೂ ನಲವತ್ತು ವಾದ್ಯ ಬೇಕು ಎಂದರೆ ಅದು ಬಂಡಾಯವಲ್ಲವೆ? ನೊಂದವರು ನೋವನ್ನೇ ಹಾಡಲಿ, ನಯ ನಾಜೂಕು ಉಳಿದವರಿಗಿರಲಿ ಎಂಬುದು ಹಳೇ ಹಂಚಿಕೆ. ಅದನ್ನು ನಾವೇ ಒಪ್ಪಿಕೊಂಡರೆ ಹೇಗೆ?

ಇನ್ನು ದನಿಯ ವಿಚಾರ. 1947ರಲ್ಲಿ ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಆಕೆಗೆ ಒಂದು ವರ್ಷ ಒಂದು ದಿನದ ಶಿಕ್ಷೆಯಾಯಿತು. ಚಟವಿದ್ದವಳಿಗೆ ಬೇಕಾದದ್ದು ವೈದ್ಯ, ಸಿಕ್ಕಿದ್ದು ಜೈಲು. 1948ರ ಮಾರ್ಚಿನಲ್ಲಿ ಬಿಡುಗಡೆಯಾಗಿ ಹನ್ನೊಂದೇ ದಿನಕ್ಕೆ ಕಾರ್ನೆಗಿ ಹಾಲ್ ತುಂಬಿಸಿದಳು. ಆದರೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕಡೆ ಹಾಡಬೇಕೆಂದರೆ ಪೊಲೀಸರು ಕೊಡುವ ‘ಕ್ಯಾಬರೆ ಕಾರ್ಡ್’ ಬೇಕಿತ್ತು. ಶಿಕ್ಷೆಯಾದವಳೆಂದು ಅದನ್ನು ಕಿತ್ತುಕೊಂಡವರು ಮತ್ತೆ ಕೊಡಲಿಲ್ಲ. ಜಾಜ್‌ನ ಅನ್ನವಿದ್ದದ್ದೇ ಆ ಕ್ಲಬ್ಬುಗಳಲ್ಲಿ. ದೊಡ್ಡ ಸಭಾಂಗಣದಲ್ಲಿ ಹಾಡಬಹುದು, ಬೇರೆ ಊರಿಗೆ ಅಲೆಯಬಹುದು, ತನ್ನೂರಿನ ಕ್ಲಬ್ಬಿನಲ್ಲಿ ಮಾತ್ರ ಬಾಯಿ ಬಿಡುವಂತಿಲ್ಲ. ಸ್ಟುಡಿಯೋದ ಮೈಕಿಗೆ ಮಾತ್ರ ಪೊಲೀಸರ ಚೀಟಿ ಬೇಕಿರಲಿಲ್ಲ. ಹಾಗೆಂದು ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಂಡರೆ ಅದೂ ಸುಳ್ಳೇ. ಹೆರಾಯಿನ್ ಇತ್ತು, ಕುಡಿತವಿತ್ತು, ಹೊಡೆದು ದುಡ್ಡು ಕಿತ್ತ ಗಂಡಸರಿದ್ದರು. ಧ್ವನಿಮುದ್ರಣದ ರಾತ್ರಿಗಳಲ್ಲೂ ಆಕೆ ಜಿನ್ ಕುಡಿಯುತ್ತಲೇ ಹಾಡಿದಳು.

ರೇ ಎಲ್ಲಿಸ್ ಮೊದಲು ಆಕೆಯ ಹಾಡಿಕೆಗೆ ಸಿಡಿಮಿಡಿಗೊಂಡಿದ್ದ. ತಾನು ಬರೆದ ಸ್ವರಗಳಿಗೆ ತಕ್ಕ ದನಿ ಸಿಗಲಿಲ್ಲ ಎಂದು. ಎಲ್ಲ ಮುಗಿದು, ಕೂಡಿಸಿದ ಟೇಪನ್ನು ಕೂತು ಕೇಳಿದಾಗ ತಾನು ಸ್ವರ ಹುಡುಕುತ್ತಿದ್ದೆ, ಆಕೆ ಕೊಟ್ಟದ್ದು ಬೇರೆಯೇ ಎಂದು ಅವನಿಗೆ ಗೊತ್ತಾಯಿತು. ಇದನ್ನು ಅವನೇ ಮುಂದೆ ಒಪ್ಪಿಕೊಂಡ. ನಮಗೂ ಹಾಗೇ ಆಯಿತು. ಪಿಟೀಲು ನುಣ್ಣಗೆ ಹರಿಯುತ್ತದೆ, ಈ ದನಿ ಅದರ ಮೇಲೆ ಕಲ್ಲಿನ ಹಾಗೆ ಕೂರುತ್ತದೆ. ಒಂದು ಕ್ಷಣವೂ ಅದರೊಳಗೆ ಕರಗುವುದಿಲ್ಲ. ‘ಯೂ ಹ್ಯಾವ್ ಚೇಂಜ್ಡ್’ ಹಾಡಿನಲ್ಲಿ ಆಕೆ ಅಳುವುದಿಲ್ಲ, ಬೇಡುವುದಿಲ್ಲ; ಆದದ್ದನ್ನು ಹೇಳುತ್ತಾಳೆ, ಅಷ್ಟೇ. ‘ದಿ ಎಂಡ್ ಆಫ್ ಎ ಲವ್ ಅಫೇರ್’ ಆಕೆಗೆ ಗೊತ್ತೇ ಇರಲಿಲ್ಲ. ವಾದ್ಯಗಳನ್ನು ಮೊದಲೇ ಮುದ್ರಿಸಿಕೊಂಡು ಅದರ ಮೇಲೆ ಆಕೆಯ ದನಿ ಕೂಡಿಸಿದರು. ಆ ಕೆಲಸದ ಟೇಪು 1997ರಲ್ಲಿ ಹೊರಬಂತು. ಅದರಲ್ಲಿ ಆಕೆ ಎಡವುತ್ತ, ತಿದ್ದಿಕೊಳ್ಳುತ್ತ ಹಾಡನ್ನು ಕಲಿಯುವುದು ಕೇಳುತ್ತದೆ. ಹಾಳಾದವಳು ಎಂದರಲ್ಲ, ಅವಳು ಕೂಲಿಯವಳ ಶ್ರದ್ಧೆಯಿಂದ ಪಾಠ ಕಲಿಯುತ್ತಿದ್ದಾಳೆ.

ಇನ್ನೊಂದು ಮಾತು. 1939ರಲ್ಲಿ ‘ಸ್ಟ್ರೇಂಜ್ ಫ್ರೂಟ್’ ಮುದ್ರಿಸಲು ಒಲ್ಲೆವೆಂದ ಕಂಪನಿ ಇದೇ ಕೊಲಂಬಿಯ. ದಕ್ಷಿಣದ ವ್ಯಾಪಾರ ಕೆಟ್ಟೀತೆಂಬ ಭಯ. ಆಕೆ ಕಮಡೋರ್ ಎಂಬ ಪುಟ್ಟ ಕಂಪನಿಗೆ ಹೋಗಿ ಹಾಡಬೇಕಾಯಿತು. ಹತ್ತೊಂಬತ್ತು ವರ್ಷದ ಮೇಲೆ ಕೊಲಂಬಿಯ ಕೊಂಡದ್ದು ಒಡೆದ ದನಿಯನ್ನು.

1959ರ ಮೇ ಕೊನೆಗೆ ಆಕೆಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಸ್ಪತ್ರೆಗೆ ಸೇರಿಸಿದರು. ಮಾದಕ ವಸ್ತು ಸಿಕ್ಕಿತೆಂದು ಪೊಲೀಸರು ಹಾಸಿಗೆಯಲ್ಲೇ ದಸ್ತಗಿರಿ ಮಾಡಿ ಬಾಗಿಲಿಗೆ ಕಾವಲು ಹಾಕಿದರು. ಜುಲೈ 17ರಂದು ಸತ್ತಳು, ವಯಸ್ಸು 44. ಬ್ಯಾಂಕಿನಲ್ಲಿದ್ದದ್ದು 70 ಸೆಂಟು, ಕಾಲಿಗೆ ಕಟ್ಟಿಕೊಂಡಿದ್ದ ನೋಟು 750 ಡಾಲರು. ಕ್ಯಾಬರೆ ಕಾರ್ಡಿನ ಕಾನೂನನ್ನು ನ್ಯೂಯಾರ್ಕ್ ನಗರ ತೆಗೆದುಹಾಕಿದ್ದು 1967ರಲ್ಲಿ.