ಕತ್ತಲೆಕಾನಿನ ಹೆಸರು ಹೊತ್ತ ಮರ

ಸಸ್ಯಶಾಸ್ತ್ರದ ದಾಖಲೆಯಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಕ್ಕೆ ಇನ್ನೂ ಹರೆಯ. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರಿನ ಹತ್ತಿರದ ಬಂಧು ಇದು. ಸೆಮೆಕಾರ್ಪಸ್ ಎಂಬ ಗ್ರೀಕ್ ಮೂಲದ ಪದಕ್ಕೂ ‘ಗುರುತಿನ ಹಣ್ಣು’ ಎಂದೇ ಅರ್ಥ. ಹೆಸರಿನ ಎರಡನೇ ಪದ ಮಾತ್ರ ಲ್ಯಾಟಿನ್ ಬಾಲ ಅಂಟಿಸಿಕೊಂಡ ಅಪ್ಪಟ ಕನ್ನಡ. ಸಿದ್ದಾಪುರ ತಾಲ್ಲೂಕಿನ, ಶರಾವತಿ ಕಣಿವೆಯ ಕತ್ತಲೆಕಾನು ಅದರ ಮೂಲ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಮರಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ‘ಕಾನು’. ಮಲೆನಾಡಿನಲ್ಲಿ ಕಾನು ಎಂದರೆ ಬರಿಯ ಕಾಡಲ್ಲ. ನೀರಿನ ಒರತೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಊರಿನ ದೇವರು ಎಲ್ಲ ಒಂದೆಡೆ ಸೇರಿದ ಜಾಗ. ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರದ ಪರವಾಗಿ 1801ರಲ್ಲಿ ಉತ್ತರ ಕನ್ನಡ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಾರವಾರದ ಕಡೆ ಕಾಡುಗಳು ಊರದೇವರ ಆಸ್ತಿ ಎಂದೂ, ಮರ ಕಡಿಯಲು ಪೂಜಾರಿಯ ಅಪ್ಪಣೆ ಬೇಕೆಂದೂ ಬರೆದುಕೊಂಡ. ಸರ್ಕಾರ ಹಕ್ಕು ಸಾಧಿಸದಂತೆ ಮಾಡಿದ ಉಪಾಯವಿದು ಎಂಬುದು ಅವನ ಅನುಮಾನ. ಆಗಲಿ, ಉಪಾಯವೇ ಇರಬಹುದು! ಆದರೆ ಅದರಿಂದ ಉಳಿದದ್ದೇನು ಎಂದು ಅವನು ಕೇಳಲಿಲ್ಲ. ಮುಂದೆ ಅರಣ್ಯ ಇಲಾಖೆ ಬಂತು, ಕಾನುಗಳು ಸರ್ಕಾರದ ಕಾಡುಗಳಾದವು, ಊರಿನವರ ಹಕ್ಕು ಕಿರಿದಾಯಿತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ವರದಿ ಬರೆಯುವ ಹೊತ್ತಿಗೆ ಅವು ಆಡಳಿತದ ಕಡತದ ವಿಷಯ.

ನಮ್ಮ ಮರವಿರುವುದು ಇಂಥ ಕಾನಿನ ಜೌಗಿನಲ್ಲಿ. ಹಳ್ಳದ ನೀರು ನಿಧಾನವಾಗಿ ಹರಡುವ ಕೆಸರಿನಲ್ಲಿ ಕಾಡುಜಾಯಿಕಾಯಿಯ ಜಾತಿಯ ಮರಗಳು ಬೇರನ್ನು ಮೊಣಕಾಲಿನಂತೆ ಮೇಲೆತ್ತಿ ಉಸಿರಾಡುತ್ತವೆ. ವಿಜ್ಞಾನಿಗಳು ಇದನ್ನು ಮಿರಿಸ್ಟಿಕಾ ಜೌಗು ಎನ್ನುತ್ತಾರೆ. 1960ರಲ್ಲಿ ತಿರುವಾಂಕೂರಿನ ಕಡೆಯಿಂದ ಕೃಷ್ಣಮೂರ್ತಿಯವರು ಇದನ್ನು ಮೊದಲು ವರ್ಣಿಸಿದರು. ಅವರು ಕಂಡದ್ದು ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿ. ಉತ್ತರದ ಈ ಕಾನುಗಳ ಜೌಗು ಗಮನಕ್ಕೆ ಬಂದದ್ದು ಎಷ್ಟೋ ತಡವಾಗಿ.

ಮರಗಳು ಎಣಿಸಿ ಮುಗಿಸಬಹುದಾದಷ್ಟು ಕಡಿಮೆ. ಅದರಲ್ಲೂ ಗಂಡು, ಹೆಣ್ಣು ಬೇರೆ ಬೇರೆ ಮರ. ಒಂದು ಜೌಗಿನ ಹೆಣ್ಣು ಮರಕ್ಕೆ ಹತ್ತಿರದಲ್ಲಿ ಗಂಡು ಮರವಿಲ್ಲದಿದ್ದರೆ ಕಾಯಿ ಕಟ್ಟುವ ಮಾತೇ ಇಲ್ಲ. ನೀರಿರುವ ತಗ್ಗು ನೆಲ ಭತ್ತಕ್ಕೂ ಅಡಿಕೆಗೂ ಹೇಳಿ ಮಾಡಿಸಿದ್ದು; ಎಷ್ಟೋ ಜೌಗುಗಳು ಗದ್ದೆಯಾಗಿ, ತೋಟವಾಗಿ ಹೋದವು. ಅಡಿಕೆಯಿಂದ ಬದುಕಿದವರನ್ನು ದೂರುವುದು ಸುಲಭ, ನನಗದು ಬೇಡ. ಆದರೆ ಯಾವ ತೋಟದ ಕೆಳಗೆ ಯಾವ ಕಾನಿತ್ತು ಎಂಬುದನ್ನು ಊರಿನ ಹೆಸರುಗಳಲ್ಲಿ, ಹಳೆಯ ಕಂದಾಯ ಕಡತಗಳಲ್ಲಿ ಹುಡುಕುವ ಕೆಲಸ ಸಸ್ಯಶಾಸ್ತ್ರಜ್ಞರದಲ್ಲ, ನಮ್ಮದು.