ಮಣ್ಣು ಕೆಲಸದ ಯಂತ್ರಗಳ ಬಾಡಿಗೆ (ಶರಾವತಿ ಮಲೆನಾಡು)

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತೋಟ, ಗದ್ದೆ, ಮನೆ ನಿವೇಶನ, ಕೆರೆ ಹಾಗೂ ಹಾದಿಗಳ ಮಣ್ಣು ಕೆಲಸಕ್ಕೆ ಅಗೆಯುವ ಯಂತ್ರಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರಿಸುವ ವ್ಯವಸ್ಥೆ. ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿರುವ, ಜಲಕ್ರೀಡೆಗೆ ಹೆಸರಾದ ಹೊನ್ನೆಮರಡುವಿನಂಥ ಊರುಗಳಲ್ಲಿ ತೋಟದ ಕೆಲಸದ ಜೊತೆಗೆ ಕಾಲುದಾರಿಯ ಕೆಲಸವೂ ಇದರ ವ್ಯಾಪ್ತಿಗೆ ಬರುತ್ತದೆ. ಅಮೆರಿಕ, ಯುರೋಪುಗಳಲ್ಲಿ ಸಣ್ಣ ಯಂತ್ರವನ್ನು ದಿನದ ಬಾಡಿಗೆಗೆ ಒಯ್ದು ಸ್ವತಃ ನಡೆಸುವ ರೂಢಿಯಿದೆ. ಮಲೆನಾಡಿನಲ್ಲಿ ಯಂತ್ರದ ಜೊತೆಗೇ ಡ್ರೈವರ್ ಬರುತ್ತಾನೆ. ಹೀಗಾಗಿ ಇಲ್ಲಿ ಬಾಡಿಗೆ ಕೊಡುವುದು ಕಬ್ಬಿಣಕ್ಕೆ ಎಷ್ಟೋ, ಮಣ್ಣು ನೋಡಿ ಕೈ ತಡೆಯಬಲ್ಲ ಡ್ರೈವರನ ಅನುಭವಕ್ಕೂ ಅಷ್ಟೇ.

ಹಿನ್ನೆಲೆ

ಯಂತ್ರ ಬರುವ ಮುನ್ನ ಕೆರೆ ತೋಡುವುದು, ಕಟ್ಟೆ ಕಟ್ಟುವುದು ಭೋವಿ ಸಮುದಾಯದವರ ಕುಶಲ ಕಸುಬಾಗಿತ್ತು. ಅಡಿಕೆ ತೋಟದ ಅಗತೆ ಮತ್ತು ಮಣ್ಣು ಹೊರುವ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಆಳುಗಳು ಹಂಗಾಮಿಗೆ ಬರುತ್ತಿದ್ದರು. ಗುದ್ದಲಿ, ಪಿಕಾಸಿ, ಹಾರೆ, ಬುಟ್ಟಿ ಇಷ್ಟೇ ಸಲಕರಣೆ. ಕೆಲವು ವರ್ಷಗಳಿಗೊಮ್ಮೆ ತೋಟಕ್ಕೆ ಹೊಸ ಮಣ್ಣು ಹಾಕಿಸುವುದು ಮನೆಯ ದೊಡ್ಡ ಖರ್ಚಿನ ಬಾಬತ್ತಾಗಿತ್ತು. ಆಳಿನ ಕೊರತೆ ಹೆಚ್ಚಿದಂತೆ ಅವರ ಜಾಗವನ್ನು ಯಂತ್ರ ತುಂಬಿತು.

ದೇಶದಲ್ಲಿ ಎಸ್ಕಾರ್ಟ್ಸ್ ಜೊತೆಗೂಡಿ ಜೆಸಿಬಿ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭ್‌ಗಢದಲ್ಲಿ ತಯಾರಿಕೆ ಆರಂಭಿಸಿತು. ಮುಂದೆ ಧಾರವಾಡದಲ್ಲಿ ಇಂದಿನ ಟಾಟಾ ಹಿಟಾಚಿಯ ಕಾರ್ಖಾನೆ ನೆಲೆಯೂರಿತು. ಈ ಎರಡು ಹೆಸರುಗಳೇ ಊರಿನ ಮಾತಿನಲ್ಲಿ ಯಂತ್ರಗಳ ಜಾತಿಸೂಚಕಗಳಾಗಿವೆ. ಯಾವ ಕಂಪನಿಯದ್ದಾದರೂ ಟೈರಿನದ್ದು ಜೆಸಿಬಿ, ಚೈನಿನದ್ದು ಹಿಟಾಚಿ.

ಯಂತ್ರಗಳು

ಜೆಸಿಬಿ: ಹಿಂದೆ ಅಗೆಯುವ ಬಕೆಟ್, ಮುಂದೆ ತುಂಬುವ ದೊಡ್ಡ ಬಕೆಟ್ ಇರುವ ಟೈರಿನ ಯಂತ್ರ. ಸಾಮಾನ್ಯ ಮಾದರಿಯ ತೂಕ ಸುಮಾರು ಏಳೂವರೆ ಟನ್, ಅಗಲ ಎರಡೂಕಾಲು ಮೀಟರ್. ರಸ್ತೆಯ ಮೇಲೆ ತಾನೇ ಓಡಿ ಬರುವುದರಿಂದ ಒಂದೆರಡು ಗಂಟೆಯ ಸಣ್ಣ ಕೆಲಸಕ್ಕೂ ಕರೆಯಬಹುದು. ಅಗೆದ ಮಣ್ಣನ್ನು ಟಿಪ್ಪರಿಗೋ ಟ್ರ್ಯಾಕ್ಟರಿಗೋ ತುಂಬುವ ಕೆಲಸವೂ ಇದರಿಂದಲೇ ಆಗುತ್ತದೆ.

ಹಿಟಾಚಿ: ಚೈನಿನ ಮೇಲೆ ಸಾಗುವ, ಸುತ್ತಲೂ ತಿರುಗಬಲ್ಲ ಯಂತ್ರ. ಭಾರ ಅಗಲಕ್ಕೆ ಹಂಚಿಹೋಗುವುದರಿಂದ ಹಸಿ ಗದ್ದೆಯಲ್ಲೂ ಕೆರೆಯ ಹೂಳಿನಲ್ಲೂ ಟೈರಿನ ಯಂತ್ರಕ್ಕಿಂತ ನಿರಾತಂಕವಾಗಿ ನಿಲ್ಲುತ್ತದೆ. ಆದರೆ ಲಾರಿಯ ಮೇಲೆ ಹೇರಿ ತರಬೇಕು. ತರುವ, ಒಯ್ಯುವ ಸಾಗಣೆ ಖರ್ಚು ಬಾಡಿಗೆಗೆ ಸೇರುವುದರಿಂದ ಅರ್ಧ ದಿನದ ಕೆಲಸಕ್ಕೆ ಇದು ಗಿಟ್ಟುವುದಿಲ್ಲ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸಿ ಸಾಗಣೆ ಖರ್ಚು ಹಂಚಿಕೊಳ್ಳುವುದುಂಟು.

ಮಿನಿ ಹಿಟಾಚಿ: ಒಂದೂವರೆಯಿಂದ ಮೂರ್ನಾಲ್ಕು ಟನ್ ತೂಕದ ಚೈನಿನ ಯಂತ್ರ. ಇವುಗಳಲ್ಲಿ ಚಿಕ್ಕವು ಸುಮಾರು ಒಂದು ಮೀಟರ್ ಅಗಲದವು. ಅಡಿಕೆ ಮರಗಳನ್ನು ಸಾಂಪ್ರದಾಯಿಕವಾಗಿ ಒಂಬತ್ತು ಅಡಿ ಅಂತರದಲ್ಲಿ ನೆಡುತ್ತಾರೆ. ಆ ಸಾಲಿನ ನಡುವೆ ಬೇರಿಗೂ ಕಾಂಡಕ್ಕೂ ಪೆಟ್ಟಾಗದಂತೆ ಓಡಾಡಿ ಬಸಿಗಾಲುವೆ ಬಿಡಿಸಲು ಈ ಗಾತ್ರವೇ ತಕ್ಕದ್ದು.

ಕೈಯಂತ್ರಗಳು: ಗುಂಡಿ ತೋಡುವ ಯಂತ್ರ, ಟಿಲ್ಲರ್, ಕಳೆ ಕತ್ತರಿಸುವ ಯಂತ್ರಗಳು ಈ ಗುಂಪಿನವು. ಗುಂಡಿ ತೋಡುವ ಯಂತ್ರದ ಸುರುಳಿ ಅಂಟುಮಣ್ಣಿನಲ್ಲಿ ತಿರುಗಿದಾಗ ಗುಂಡಿಯ ಗೋಡೆ ನುಣುಪಾಗಿ ಗಟ್ಟಿಯಾಗುತ್ತದೆ. ನೀರು ಇಂಗುವುದಿಲ್ಲ, ಬೇರು ಹೊರಗೆ ಚಾಚುವುದಿಲ್ಲ. ನೆಡುವ ಮುನ್ನ ಹಾರೆಯಿಂದ ಗೋಡೆಯನ್ನು ಕೆರೆದು ಒರಟು ಮಾಡುವುದು ಅಗತ್ಯ. ಬೇಲಿ ಕಂಬ, ಕಾಳುಮೆಣಸಿನ ಆಸರೆ ಗಿಡಗಳಿಗೆ ಈ ಗುಂಡಿ ಸಾಕು. ಎರಡು ಮೂರು ಅಡಿ ಅಗಲದ ಅಡಿಕೆ ಗುಂಡಿಗೆ ಜೆಸಿಬಿಯ ಕಿರುಬಕೆಟ್ ಅಥವಾ ಗುದ್ದಲಿಯೇ ಬೇಕು.

ಬಾಡಿಗೆಯ ಪದ್ಧತಿ

ಜೆಸಿಬಿ, ಹಿಟಾಚಿಗಳು ಬಹುಪಾಲು ಖಾಸಗಿ ಮಾಲೀಕರ ಕೈಯಲ್ಲಿವೆ. ಮಾತುಕತೆ ಫೋನಿನಲ್ಲೇ ಮುಗಿಯುತ್ತದೆ. ಬಾಡಿಗೆಯಲ್ಲಿ ಡೀಸೆಲ್ ಮತ್ತು ಡ್ರೈವರ್ ಸಂಬಳ ಸಾಮಾನ್ಯವಾಗಿ ಸೇರಿರುತ್ತವೆ. ಡ್ರೈವರನ ಊಟ ಮತ್ತು ಬಾಟಾ ಕೆಲಸ ಮಾಡಿಸುವವರದ್ದು. ಗಂಟೆಯನ್ನು ಯಂತ್ರದ ಮೀಟರಿನಿಂದ ಎಣಿಸಬೇಕೋ ಗಡಿಯಾರದಿಂದಲೋ, ದಾರಿಯ ಓಡಾಟ ಲೆಕ್ಕಕ್ಕೆ ಬರುತ್ತದೋ, ಕನಿಷ್ಠ ಎಷ್ಟು ಗಂಟೆ, ಬಂಡೆ ಒಡೆಯುವ ಬ್ರೇಕರಿಗೆ ಪ್ರತ್ಯೇಕ ದರ ಎಷ್ಟು ಎಂಬಿಷ್ಟನ್ನು ಮೊದಲೇ ಇತ್ಯರ್ಥ ಮಾಡಿಕೊಂಡರೆ ಜಗಳಕ್ಕೆ ಎಡೆಯಿರುವುದಿಲ್ಲ. ಕೆಲಸ ಶುರುವಾಗುವಾಗ ಮತ್ತು ಮುಗಿದಾಗ ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳುವುದು ಒಳ್ಳೆಯ ರೂಢಿ.

ರಾಜ್ಯ ಸರ್ಕಾರದ ‘ಕೃಷಿ ಯಂತ್ರಧಾರೆ’ ಯೋಜನೆಯು 2014–15ರಿಂದ ಹೋಬಳಿ ಮಟ್ಟದಲ್ಲಿ ಬಾಡಿಗೆ ಸೇವಾ ಕೇಂದ್ರಗಳನ್ನು ತೆರೆಯಿತು. ಇವುಗಳಲ್ಲಿ ಹಲವನ್ನು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನಡೆಸಿದೆ. ಈ ಕೇಂದ್ರಗಳು ಮುಖ್ಯವಾಗಿ ಟ್ರ್ಯಾಕ್ಟರ್, ಟಿಲ್ಲರ್‌ಗಳಂಥ ಬೇಸಾಯದ ಯಂತ್ರಗಳಿಗೆ ಮೀಸಲು.

ಹಿನ್ನೀರಿನಾಚೆಯ ಊರುಗಳಿಗೆ ಯಂತ್ರ ತಲುಪಿಸುವುದು ಬಹುಕಾಲ ತೊಡಕಿನದಾಗಿತ್ತು. ತುಮರಿ, ಸಿಗಂದೂರು ಭಾಗಕ್ಕೆ ವಾಹನಗಳು ಲಾಂಚ್ ಹತ್ತಿ ದಾಟಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ದೂರ ಸುತ್ತಿ ಬರಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದಿಂದ ನೇರ ರಸ್ತೆಯಾಯಿತು.

ಕೆಲಸದ ಕಾಲ

ಅಡಿಕೆಯ ಕೊನೆ ಕೊಯ್ಲು ಮುಗಿದು ಮಣ್ಣು ಒಣಗುವ ಜನವರಿಯಿಂದ ಮುಂಗಾರು ಹತ್ತಿರವಾಗುವ ಮೇ ತನಕ ಯಂತ್ರಗಳಿಗೆ ಬಿಡುವಿಲ್ಲ. ಮೇ ತಿಂಗಳಲ್ಲಿ ಎಲ್ಲರಿಗೂ ಒಮ್ಮೆಲೇ ಅವಸರ ಬರುವುದರಿಂದ ಯಂತ್ರ ಸಿಗುವುದು ಕಷ್ಟ, ಸಿಕ್ಕರೂ ಕೆಲಸ ಆತುರದ್ದು. ಏಪ್ರಿಲ್ ಒಳಗೆ ಮುಗಿದ ಕೆಲಸದ ಮಣ್ಣು ಒಂದೆರಡು ಹದ ಮಳೆಗೆ ಕೂತುಕೊಳ್ಳುತ್ತದೆ, ಹುಲ್ಲು ಹಿಡಿಯಲು ಸಮಯ ಸಿಗುತ್ತದೆ. ಮೇ ಕೊನೆಯಲ್ಲಿ ಸಡಿಲ ಮಾಡಿದ ಮಣ್ಣು ಜೂನಿನ ಮಳೆಗೆ ಹಳ್ಳ ಸೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್–ಸೆಪ್ಟೆಂಬರ್ ಅವಧಿಯಲ್ಲಿ.

ಅಳತೆ ಮತ್ತು ಲೆಕ್ಕ

ಗಡಿಗೆ ಅಗಳ (ಕಂದಕ) ಹೊಡೆಸುವ ಕೆಲಸವನ್ನೇ ನೋಡಬಹುದು. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದಲ್ಲಿ 100 ಮೀಟರ್ ಉದ್ದಕ್ಕೆ 100 ಘನ ಮೀಟರ್ ಮಣ್ಣು ಬರುತ್ತದೆ. ಸಡಿಲಾದ ಮಣ್ಣು ಕಾಲು ಭಾಗದಷ್ಟು ಹಿಗ್ಗುವುದರಿಂದ ಸಾಗಿಸಬೇಕಾದದ್ದು ಸುಮಾರು 125 ಘನ ಮೀಟರ್. 100 ಘನ ಅಡಿ ಹಿಡಿಯುವ ಟ್ರೇಲರಿಗೆ ಇದು ಸುಮಾರು 45 ಲೋಡು. ಅಗೆತದ ಗಂಟೆ ಮಾತ್ರ ಎಣಿಸಿದವರಿಗೆ ಈ ಸಾಗಣೆಯೇ ಮುಖ್ಯ ಖರ್ಚಾಗಿ ಕಾಡುತ್ತದೆ. ಆದ್ದರಿಂದ ಅಗೆದ ಮಣ್ಣನ್ನು ಒಳಬದಿಗೆ ದಂಡೆಯಾಗಿ ಹಾಕಿಸಿ, ಅದರ ಮೇಲೆ ಬೇಲಿಗಿಡ ನೆಡುವುದು ಲಾಭಕರ.

ತೋಟಕ್ಕೆ ನೆಲ ಸಮತಟ್ಟು ಮಾಡಿಸುವಾಗ ಮೇಲ್ಮಣ್ಣನ್ನು ಮೊದಲು ಕೆರೆಸಿ ಬೇರೆ ರಾಶಿ ಹಾಕಿಸಿ, ಕೆಲಸ ಮುಗಿದ ಮೇಲೆ ಅದನ್ನೇ ಮೇಲೆ ಹರಡಿಸಬೇಕು. ಈ ಒಂದೆರಡು ಗಂಟೆ ಉಳಿಸಲು ಹೋದರೆ ಗೊಡ್ಡು ಕೆಮ್ಮಣ್ಣು ಮೇಲೆ ಬಂದು, ಹೊಸ ತೋಟ ವರ್ಷಗಟ್ಟಲೆ ಏಳುವುದಿಲ್ಲ.

ಧರೆ ಮತ್ತು ಶೇಡಿ ಮಣ್ಣು

ಮಲೆನಾಡಿನ ಗುಡ್ಡಗಳಲ್ಲಿ ಮೇಲ್ಗಡೆ ಗಟ್ಟಿ ಜಂಬಿಟ್ಟಿಗೆಯ ಪದರ, ಅದರಡಿ ಬಿಳಿ–ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು ಇರುವುದು ಸಾಮಾನ್ಯ. ಜಂಬಿಟ್ಟಿಗೆಯನ್ನು ನೆಟ್ಟಗೆ ಕಡಿದರೂ ಧರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ವರ್ಷಗಳ ಕಾಲ ನಿಲ್ಲಬಹುದು. ಶೇಡಿ ಹಾಗಲ್ಲ. ಒಣಗಿದಾಗ ಗೋಡೆಯ ಹಾಗೆ ನಿಂತಿದ್ದು, ನೀರು ಕುಡಿದಾಗ ಜಾರುತ್ತದೆ, ಮೇಲಿನ ಪದರವನ್ನೂ ಎಳೆದುಕೊಂಡು ಇಳಿಯುತ್ತದೆ. ಬಕೆಟಿನಲ್ಲಿ ಬಿಳಿ ಮಣ್ಣು ಕಂಡೊಡನೆ ಕಡಿತ ನಿಲ್ಲಿಸುವುದು, ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ತೆಗೆಯುವುದು, ನೆತ್ತಿಯ ಮೇಲೆ ನೀರು ತಿರುಗಿಸುವ ಕಾಲುವೆ ಮಾಡುವುದು ಬಲ್ಲ ಡ್ರೈವರುಗಳ ಕ್ರಮ. ಧರೆಯ ತಲೆಯಲ್ಲಿ ಇಂಗುಗುಂಡಿ ತೋಡುವುದು ಅಪಾಯ. ಇಂಗಿದ ನೀರು ಅದೇ ಶೇಡಿಯನ್ನು ಸೇರುತ್ತದೆ.

2018ರ ಆಗಸ್ಟಿನ ಕೊಡಗಿನ ಕುಸಿತಗಳು, 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜರಿದದ್ದು, ಇಳಿಜಾರು ಕಡಿಯುವ ಕೆಲಸದ ಬಗ್ಗೆ ರಾಜ್ಯದಲ್ಲಿ ಎಚ್ಚರ ಮೂಡಿಸಿದವು.

ಕಾಲುದಾರಿಯ ಕೆಲಸ

ಮೂರು ಅಡಿಯ ಕಾಲುದಾರಿಗೆ ಎರಡೂಕಾಲು ಮೀಟರಿನ ಜೆಸಿಬಿ ಇಳಿಸಿದರೆ ಅದು ರಸ್ತೆಯೇ ಆಗಿಬಿಡುತ್ತದೆ. ಮಳೆನೀರು ಆ ಅಗಲದಲ್ಲಿ ಹರಿದು ಕೊರಕಲು ಬೀಳುತ್ತದೆ. ಖಾಸಗಿ ಜಮೀನಿನ ಹಾದಿಗೆ ಮಿನಿ ಹಿಟಾಚಿ ಸಾಕು, ಕೊನೆಯ ಕೈಗೆಲಸ ಗುದ್ದಲಿಯದ್ದು. ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಹಾದಿ ತಗ್ಗಿನ ಕಡೆಗೆ ತುಸು ವಾಲಿರಬೇಕು. ನೀರು ಹೊರಹೋಗಲು ಅಲ್ಲಲ್ಲಿ ಅಡ್ಡಕಲ್ಲು ಅಥವಾ ತಗ್ಗು ಬೇಕು. ಲೋಕದ ಎಲ್ಲೆಡೆ ಹಾದಿ ಕಟ್ಟುವವರು ಪಾಲಿಸುವ ಈ ನಿಯಮಗಳು ಮಲೆನಾಡಿನ ಮಳೆಗೆ ಇನ್ನಷ್ಟು ಅನ್ವಯ.

ಹೊನ್ನೆಮರಡುವಿನ ಸುತ್ತ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ವಿಶಾಲ ಬಯಲು ತೆರೆದುಕೊಳ್ಳುತ್ತದೆ. ಈ ಬಯಲಿನ ನೆಲ ಮೇಲೆ ಬಿರುಕು ಬಿಟ್ಟು ಒಣಗಿದಂತಿದ್ದರೂ ಅಡಿಯಲ್ಲಿ ಹಸಿ ಕೆಸರು. ಭಾರದ ಯಂತ್ರ ಅಲ್ಲಿ ಹುಗಿದುಹೋದರೆ ಎತ್ತಲು ಇನ್ನೊಂದು ಯಂತ್ರವೇ ಬೇಕು. 1,819 ಅಡಿಯ ಪೂರ್ಣ ಮಟ್ಟಕ್ಕೆ ಜಲಾಶಯ ತುಂಬಿದಾಗ ಅಲ್ಲಿ ಮಾಡಿದ ಯಾವ ಹಾದಿಯೂ ಉಳಿಯುವುದಿಲ್ಲ.

ಕಾನೂನಿನ ಮಿತಿಗಳು

ಅರಣ್ಯದಲ್ಲಿ ಅನುಮತಿಯಿಲ್ಲದೆ ನೆಲ ಅಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಬಳಸಿದ ಯಂತ್ರವನ್ನು ಜಪ್ತಿ ಮಾಡಲು ಅವಕಾಶವಿದೆ. ಶರಾವತಿ ಕಣಿವೆ ಮತ್ತು ಮೂಕಾಂಬಿಕಾ ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಕೊಡಚಾದ್ರಿಯ ಹಾದಿಗಳು ಮೂಕಾಂಬಿಕಾ ಅಭಯಾರಣ್ಯದ ವ್ಯಾಪ್ತಿಯವು. ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟದ ಮೇಲೆ ರೈತನಿಗಿರುವುದು ಸೊಪ್ಪು, ದರಕು (ತರಗೆಲೆ) ತರುವ ಸೌಲಭ್ಯವೇ ಹೊರತು ಒಡೆತನವಲ್ಲ. ಅದನ್ನು ಸಮತಟ್ಟು ಮಾಡಿಸುವಂತಿಲ್ಲ. ಮಣ್ಣು, ಜಂಬಿಟ್ಟಿಗೆಗಳ ಮಾರಾಟ 1994ರ ಉಪಖನಿಜ ನಿಯಮಗಳಿಗೆ ಒಳಪಟ್ಟಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ.

ಯಂತ್ರ ತರಿಸುವ ಮುನ್ನ ಸರ್ವೆ ನಕ್ಷೆ ಮತ್ತು ಪಹಣಿ ನೋಡಿ ಗಡಿ ಗುರುತು ಮಾಡಿಟ್ಟುಕೊಳ್ಳಬೇಕು. ನೆಲದಡಿಯ ಪೈಪು, ಕೇಬಲ್ ಮತ್ತು ತಲೆಮೇಲಿನ ವಿದ್ಯುತ್ ತಂತಿಗಳನ್ನು ಡ್ರೈವರಿಗೆ ತೋರಿಸಬೇಕು. ಯಂತ್ರದ ನೋಂದಣಿ, ವಿಮೆ ಮತ್ತು ಡ್ರೈವರನ ಪರವಾನಗಿಯನ್ನು ಕೇಳಿ ನೋಡುವುದು ಕೆಲಸ ಮಾಡಿಸುವವರ ಹಕ್ಕು.