ಕುದುರೆ ಬಿಟ್ಟ ಪಾಲು

ಸಿರ್ಸಿಯಿಂದ ಯಲ್ಲಾಪುರದ ಕಡೆ ಸುಮಾರು 20 ಕಿ.ಮೀ. ಹೋದರೆ ಸೋಂದಾ. ಆಡುಮಾತಿನಲ್ಲಿ ಸೋದೆ. ಚಿಕ್ಕಂದಿನಲ್ಲಿ ಸೋದೆ ಅಂದರೆ ನನಗೆ ಹಯಗ್ರೀವ ತಿನ್ನೋದು, ಅಷ್ಟೆ. ಕಡಲೆಬೇಳೆ, ಬೆಲ್ಲ, ಕಾಯಿತುರಿ, ತುಪ್ಪ. ಮನೆಯಲ್ಲಿ ಮಾಡಿದಾಗ ನೈವೇದ್ಯಕ್ಕೆ ಮೊದಲು ಕೈ ಹಾಕಿದರೆ ಅಜ್ಜಿ ಹೊಡೆಯುತ್ತಿದ್ದಳು. "ಅವನು ತಿಂದು ಬಿಟ್ಟಿದ್ದು ನಮಗೆ" ಅನ್ನೋಳು.

ಆ ಮಾತಿನ ಹಿಂದೆ ವಾದಿರಾಜರಿದ್ದಾರೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕುಂಭಾಶಿ ಹತ್ತಿರದ ಹೂವಿನಕೆರೆಯವರು. ಸಂಪ್ರದಾಯದ ಲೆಕ್ಕದಲ್ಲಿ 1480ರಿಂದ 1600, ಅಂದರೆ 120 ವರ್ಷ! ಉಡುಪಿಯ ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ಏರಿಸಿದ್ದು (1522) ಇವರೇ ಅನ್ನುತ್ತಾರೆ. ಸಂಸ್ಕೃತದಲ್ಲಿ 'ಯುಕ್ತಿಮಲ್ಲಿಕಾ' ಬರೆದ ಪಂಡಿತರು ಕನ್ನಡದ ಹಾಡುಗಳಿಗೆ ಹಾಕಿದ್ದು ತಮ್ಮ ಹೆಸರನ್ನಲ್ಲ, 'ಹಯವದನ' ಅನ್ನುವ ಅಂಕಿತವನ್ನು.

ಕಥೆ ನಿಮಗೂ ಗೊತ್ತಿರಬಹುದು. ತಲೆಯ ಮೇಲೆ ನೈವೇದ್ಯದ ತಟ್ಟೆ ಹಿಡಿದು ಕೂರುತ್ತಿದ್ದರು. ಬಿಳಿಕುದುರೆಯಾಗಿ ಬಂದ ದೇವರು ಹಿಂದಿನಿಂದ ಭುಜದ ಮೇಲೆ ಕಾಲಿಟ್ಟು ತಿಂದು, ಒಂದು ಪಾಲು ಬಿಟ್ಟು ಹೋಗುತ್ತಿದ್ದ. ಒಂದು ದಿನ ಯಾರೋ ವಿಷ ಬೆರೆಸಿದರು. ಅಂದು ತಟ್ಟೆ ಪೂರ್ತಿ ಖಾಲಿ. ಆ ವಿಷ ಇಳಿಸಲು ಬೆಳೆಸಿದ್ದೇ ಉಡುಪಿ ಹತ್ತಿರದ ಮಟ್ಟುವಿನ ಗುಳ್ಳ ಬದನೆಯಂತೆ. ಇದು ಇತಿಹಾಸ ಅಂತ ನಾನು ವಾದಿಸೋಲ್ಲ. ಆದರೆ ಮಟ್ಟುವಿನ ರೈತರು ಇಂದಿಗೂ ಪರ್ಯಾಯದ ಹೊರೆಕಾಣಿಕೆಗೆ ಗುಳ್ಳ ಒಯ್ಯುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು.

ಒಬ್ಬನೇ ದೇವರು ಅಂದವರಿಗೆ ಉಳಿದವರು ಬೇಡವಾಗಿರಬೇಕು ಅಂದುಕೊಂಡಿದ್ದೆ. ಆದರೆ ಅವರು ಬಂದು ನೆಲೆಸಿದ ಅರಸಪ್ಪನಾಯಕನ ಈ ಸೀಮೆಯಲ್ಲಿ ಜೈನಮಠವೂ ಇದೆ, ಅದ್ವೈತಿಗಳ ಸ್ವರ್ಣವಲ್ಲಿಯೂ ಇದೆ. ಅವರ ಬೃಂದಾವನದ ಆವರಣದಲ್ಲೇ ಭೂತರಾಜರ ಗುಡಿ!

1763ರಲ್ಲಿ ಹೈದರಲಿ ಬಿದನೂರು ಗೆದ್ದ ಮೇಲೆ ಸೋದೆಯ ದೊರೆತನವೂ ಉಳಿಯಲಿಲ್ಲ, ಅರಸು ಗೋವೆ ಸೇರಿದ. ಕೋಟೆಯಲ್ಲಿ ಈಗ ಕಾಡುಗಿಡ. ಮಠದ ಒಲೆ ಮಾತ್ರ ಉರಿಯುತ್ತಲೇ ಇದೆ.

ದೇವರ ವಿಷಯದಲ್ಲಿ ನಾನು ಇನ್ನೂ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಅಜ್ಜಿ ಹೋದ ಮೇಲೆ ಒಮ್ಮೆ ನಾನೇ ಹಯಗ್ರೀವ ಮಾಡಲು ಕೂತೆ. ಬೇಳೆ ಕರಗಿ ಮುದ್ದೆಯಾಯಿತು, ಅದು ಬೇರೆ ಮಾತು. ಬೆಲ್ಲ ಸಾಕೋ ಅಂತ ನೋಡಲು ಚಮಚ ಬಾಯಿ ಹತ್ತಿರ ತಂದವನು, ಹಾಗೇ ಕೆಳಗಿಟ್ಟೆ.